ತಿಂಗಳಿಗೆ 50 ರೂಪಾಯಿ

(ಕಾರ್ಗಿಲ್ ವಿಜಯ ದಿನದಂದು ದಾವಣಗೆರೆಯಲ್ಲಿ ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)

ವೇದಿಕೆಯ ಮೇಲಿರುವ ಹಿರಿಯರಿಗೆ ನಮಸ್ಕಾರ. ಬೆಳಿಗ್ಗೆಯಿಂದ ಎನ್‌ಸಿಸಿ ಸಮವಸ್ತ್ರದಲ್ಲಿ ಬಿಸಿಲಿಗೆ ನಿಂತು, ಈಗಷ್ಟೇ ಕೂತಿರುವ ಮಕ್ಕಳಿಗೂ ನಮಸ್ಕಾರ.

ಕರೆಯಲು ಬಂದಾಗಲೇ ಹೇಳಿದ್ದೆ: 527 ಜನ ಪ್ರಾಣ ಕೊಟ್ಟ ಯುದ್ಧವನ್ನು ಅರ್ಧ ಗಂಟೆಯಲ್ಲಿ ಹೇಳಿ ಮುಗಿಸುವುದು ನನ್ನಿಂದಾಗದು, ಒಬ್ಬ ಹುಡುಗನ ಬಗ್ಗೆ ಮಾತಾಡುತ್ತೇನೆ ಅಂತ. ಹುಡುಗ ಅಂದೆ, ತಪ್ಪು ತಿಳಿಯಬೇಡಿ. ಕ್ಯಾಪ್ಟನ್ ವಿಜಯಂತ್ ಥಾಪರ್ ತೀರಿಕೊಂಡಾಗ ಅವರಿಗೆ 22 ವರ್ಷ. ಹಿಂದಿನ ಸಾಲಿನಲ್ಲಿ ಕೂತಿರುವ ಅಂತಿಮ ವರ್ಷದವರಿಗಿಂತ ಒಂದೆರಡು ವರ್ಷ ದೊಡ್ಡವರು, ಅಷ್ಟೇ. ಮನೆಯಲ್ಲಿ ಕರೆಯುತ್ತಿದ್ದ ಹೆಸರು ರಾಬಿನ್. ವಿಜಯಂತ ಎಂಬ ಯುದ್ಧ ಟ್ಯಾಂಕಿನ ಹೆಸರನ್ನೇ ಮಗನಿಗಿಟ್ಟ ಸೈನಿಕ ಮನೆತನ ಅದು.

ಉತ್ತರದ ಆ ಹುಡುಗನಿಗೂ ನಮ್ಮ ದಾವಣಗೆರೆಗೂ ಒಂದು ನಂಟಿದೆ. ಅವರ ಬೆಟಾಲಿಯನ್ 2 ರಜಪೂತಾನಾ ರೈಫಲ್ಸ್. ಅದರ ಕಮಾಂಡಿಂಗ್ ಆಫೀಸರ್ ಆಗಿದ್ದವರು ನಮ್ಮ ಮಣ್ಣಿನ ಮಗ, ವಿಜಾಪುರದ ಸೈನಿಕ ಶಾಲೆಯಲ್ಲಿ ಕಲಿತ ಎಂ. ಬಿ. ರವೀಂದ್ರನಾಥ್. ತೋಲೋಲಿಂಗ್ ಶಿಖರದ ಮೇಲೆ ಕೂತ ಶತ್ರುವಿಗೆ ಶ್ರೀನಗರದಿಂದ ಲೇಹ್‌ಗೆ ಹೋಗುವ ಹೆದ್ದಾರಿ ಅಂಗೈಯಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮೊದಲು ಹತ್ತಿದ ಬೆಟಾಲಿಯನ್ ತನ್ನ ಅಧಿಕಾರಿಗಳನ್ನೇ ಕಳೆದುಕೊಂಡಿತ್ತು. 1999ರ ಜೂನ್ 13ರ ನಸುಕಿಗೆ ರವೀಂದ್ರನಾಥ್ ಅವರ ಪಡೆ ಅದನ್ನು ಗೆದ್ದಿತು. ಗೆಲುವಿನ ಬೆಲೆ ದೊಡ್ಡದು. ಮೇಜರ್ ವಿವೇಕ್ ಗುಪ್ತ ಅಲ್ಲೇ ಬಿದ್ದರು. ಆ ದಾಳಿಯಲ್ಲಿ ವಿಜಯಂತ್ ಕೂಡ ಇದ್ದರು. ಸೈನ್ಯ ಸೇರಿ ಆಗಿನ್ನೂ ಆರೇ ತಿಂಗಳು.

ಕಾರ್ಗಿಲ್‌ಗೆ ಬರುವ ಮುಂಚೆ ವಿಜಯಂತ್ ಇದ್ದದ್ದು ಕಾಶ್ಮೀರದ ಕುಪ್ವಾರಾದಲ್ಲಿ. ಅಲ್ಲೊಬ್ಬಳು ಆರು ವರ್ಷದ ಹುಡುಗಿ. ಉಗ್ರರು ಅಪ್ಪನನ್ನು ಕೊಂದದ್ದನ್ನು ಕಣ್ಣಾರೆ ಕಂಡು ಮಾತೇ ನಿಂತುಹೋಗಿತ್ತು. ಈ ಹುಡುಗ ಬಿಡುವಾದಾಗೆಲ್ಲ ಚಾಕೊಲೇಟ್ ಹಿಡಿದು ಅವಳ ಹತ್ತಿರ ಹೋಗುತ್ತಿದ್ದ. ಸಮವಸ್ತ್ರ ಕಂಡರೆ ಬೆಚ್ಚುವ ಮಗುವಿನ ಮುಂದೆ ಸಮವಸ್ತ್ರ ತೊಟ್ಟೇ ಕೂತು, ಅವಳು ಮಾತಾಡುವ ತನಕ ಕಾಯುವುದೆಂದರೆ ಸಣ್ಣ ಮಾತಲ್ಲ. ನನಗಂತೂ ಶಿಖರ ಗೆದ್ದಷ್ಟೇ ದೊಡ್ಡದಾಗಿ ಕಾಣುತ್ತದೆ. ಹುಡುಗಿ ನಿಧಾನಕ್ಕೆ ಮಾತಾಡತೊಡಗಿದಳು.

ಜೂನ್ 28. ಆ ವರ್ಷ ಅಧಿಕ ಜ್ಯೇಷ್ಠ ಬಂದು ಕಾರಹುಣ್ಣಿಮೆ ತಿಂಗಳ ಕೊನೆಗೆ ಬಿದ್ದಿತ್ತು. ನಮ್ಮ ಹಳ್ಳಿಗಳಲ್ಲಿ ಎತ್ತುಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಕರಿ ಹರಿದು, ಹೋಳಿಗೆ ಉಂಡು ಮಲಗಿದ ರಾತ್ರಿ. ನಮಗೆ ಹಬ್ಬವಾದ ಆ ಬೆಳದಿಂಗಳೇ ದ್ರಾಸ್‌ನ ಬೋಳು ಬಂಡೆಗಳ ಮೇಲೆ ಹತ್ತುತ್ತಿದ್ದವರಿಗೆ ಶತ್ರುವಾಯಿತು. ಮರೆಗೆ ಒಂದು ಗಿಡವೂ ಇಲ್ಲ. ತ್ರೀ ಪಿಂಪಲ್ಸ್ ಎಂಬ ಜಾಗದ ನೋಲ್ ಎಂಬ ದಿಬ್ಬ ಅವರ ಗುರಿ. ಗುಂಡಿನ ಮಳೆಯಲ್ಲಿ ತಮ್ಮವರನ್ನು ಕಟ್ಟಿಕೊಂಡು ಮುಂದೆ ನುಗ್ಗಿದ ವಿಜಯಂತ್ ಅಲ್ಲೇ ಗುಂಡು ತಗುಲಿ ಬಿದ್ದರು. ಅದೇ ಕಾಳಗದಲ್ಲಿ ಮೇಜರ್ ಪದ್ಮಪಾಣಿ ಆಚಾರ್ಯ ಹೋದರು. ನಾಗಾಲ್ಯಾಂಡಿನ ಕ್ಯಾಪ್ಟನ್ ಕೆಂಗುರುಸೆ ಹೋದರು.

ಕೆಂಗುರುಸೆ ಅವರ ಒಂದು ಸಂಗತಿ ಹೇಳದೆ ಮುಂದೆ ಹೋಗಲಾರೆ. ನೀವೆಲ್ಲ ಚಿತ್ರದುರ್ಗದ ಕೋಟೆ ನೋಡಿದ್ದೀರಿ. ತುಪ್ಪದ ಕೊಳದ ಬತೇರಿಗೆ ಹತ್ತುವಲ್ಲಿ ಬಂಡೆಯಲ್ಲಿ ಕೊರೆದ ಕಾಲುಗುಳಿಗಳಿವೆಯಲ್ಲ, ಅಲ್ಲಿ ಚಪ್ಪಲಿ ಕಳಚಿ, ಹೆಬ್ಬೆರಳನ್ನು ಒತ್ತಿ ಹಿಡಿದು ಹತ್ತಿದವರಿಗೆ ಗೊತ್ತು. ಅವರು ಹಿಮಗಾಳಿಯ ರಾತ್ರಿಯಲ್ಲಿ, ಗುಳಿಯೂ ಇಲ್ಲದ ಬಂಡೆಯ ಮೇಲೆ ಬೂಟು ಜಾರುತ್ತದೆಂದು ಬೂಟು ಬಿಚ್ಚಿ ಬರಿಗಾಲಲ್ಲಿ ಹತ್ತಿದರು.

ಆ ದಾಳಿಗೆ ಮುಂಚೆ ವಿಜಯಂತ್ ಅಪ್ಪ ಅಮ್ಮನಿಗೊಂದು ಕಾಗದ ಬರೆದಿಟ್ಟಿದ್ದರು. ಅದು ನಿಮ್ಮ ಕೈ ಸೇರುವಷ್ಟರಲ್ಲಿ ನಾನು ಆಕಾಶದಿಂದ ನಿಮ್ಮನ್ನು ನೋಡುತ್ತಿರುತ್ತೇನೆ ಎಂದೇ ಕಾಗದ ಶುರುವಾಗುತ್ತದೆ. ನನ್ನನ್ನು ಹಿಡಿದು ನಿಲ್ಲಿಸುವುದು ಅದರ ಮುಂದಿನ ಸಾಲುಗಳು. ‘ನನ್ನ ದೇಹದಿಂದ ಯಾವ ಅಂಗ ತೆಗೆಯಲು ಬರುತ್ತದೋ ತೆಗೆಯಲಿ. ಅನಾಥಾಶ್ರಮಕ್ಕೆ ಸ್ವಲ್ಪ ಹಣ ಕೊಡಿ. ಆ ಹುಡುಗಿಗೆ ತಿಂಗಳಿಗೆ 50 ರೂಪಾಯಿ ಕೊಡುತ್ತಿರಿ. ಸಾಧ್ಯವಾದರೆ, ಸೈನ್ಯ ಕಾದಾಡಿದ ಈ ಜಾಗವನ್ನು ಒಮ್ಮೆ ಬಂದು ನೋಡಿ.’

ಊರು ಬಿಟ್ಟು ಹೊರಟವರು ಹಾಲಿನವರ ಲೆಕ್ಕ, ಕಿರಾಣಿ ಅಂಗಡಿಯ ಬಾಕಿ ಹೇಳಿ ಹೋಗುತ್ತಾರಲ್ಲ, ಹಾಗಿದೆ ಈ ಮಾತು. ನಾನು ಇದನ್ನು ಮೊದಲ ಸಲ ಓದಿದಾಗ ಆ 50 ರೂಪಾಯಿಯ ಹತ್ತಿರ ನಿಂತುಬಿಟ್ಟೆ, ಮುಂದಕ್ಕೆ ಓದಲಾಗಲಿಲ್ಲ. ಇನ್ನು ಕೆಲವು ಗಂಟೆಗಳಲ್ಲಿ ಸಾವು ಎದುರಾಗಬಹುದು ಎಂದು ಗೊತ್ತಿರುವ ಇಪ್ಪತ್ತೆರಡರ ಹುಡುಗನಿಗೆ ನೆನಪಾದದ್ದು, ಕುಪ್ವಾರಾದ ಆ ಮಗುವಿನ ತಿಂಗಳ ದುಡ್ಡು ತಪ್ಪಬಾರದು ಎಂಬುದು.

ಸರ್ಕಾರ ಅವರಿಗೆ ಮರಣೋತ್ತರ ವೀರಚಕ್ರ ಕೊಟ್ಟಿತು. ರವೀಂದ್ರನಾಥ್ ಅವರಿಗೂ ವೀರಚಕ್ರ ಬಂತು. 2018ರಲ್ಲಿ ಅವರೂ ತೀರಿಕೊಂಡರು. ಮಕ್ಕಳಂಥ ಹುಡುಗರನ್ನು ಕತ್ತಲಲ್ಲಿ ಬೆಟ್ಟಕ್ಕೆ ಕಳಿಸಿ, ಬೆಳಗಾದ ಮೇಲೆ ಬಂದವರನ್ನು ಎಣಿಸಿದ ಮನುಷ್ಯ. ಆ ಎಣಿಕೆ ಎಷ್ಟು ಭಾರವೆಂದು ನಾವು ದಾವಣಗೆರೆಯವರಾದರೂ ತಿಳಿದಿರಬೇಕು.

ವಿಜಯಂತ್ ಅವರ ತಂದೆಯೂ ಕರ್ನಲ್ ಆಗಿದ್ದವರು. ಅವರು ಆ ಹುಡುಗಿಯನ್ನು ಕಂಡು ಬಂದರು. ಮಗ ಕರೆದ ಜಾಗಕ್ಕೆ ವರ್ಷ ವರ್ಷವೂ ಹೋದರು. ಮುಪ್ಪಿನಲ್ಲಿ, ಉಸಿರು ಸಿಗದ ಆ ಎತ್ತರದಲ್ಲಿ, ಮಗ ಬಿದ್ದ ದಿಬ್ಬದ ತನಕ ನಡೆದೇ ಹತ್ತಿದರು.