ಉತಾರದಾಗ ಹೆಸರು ಹೋದಾಗ: ನಾಬೋತನ ತೋಟ, ಪೌಲನ ಅಪೀಲು

[ದೃಶ್ಯ: ಎರಿ ಹೊಲದ ಬದು. ಕೈಯಲ್ಲಿ ಉತಾರದ ಹಾಳೆ.]

ಎಲ್ಲಾರಿಗೂ ಸ್ತೋತ್ರ. ಅಪ್ಪ ತೀರಿಕೊಂಡ ಮ್ಯಾಲ ಎಲ್ಲಿಂದೋ ಒಂದು ಸುಳ್ಳು ವಾಟ್ನಿ (ಪಾಲು) ಪತ್ರ ಬರತೈತಿ, ತಂಗಿ ಹೆಸರು ಉತಾರದಿಂದ, ಅಂದ್ರ ಪಹಣಿಯಿಂದ, ಹೋಗತೈತಿ. ಧಾರವಾಡ, ಗದಗ, ಹಾವೇರಿ ಕಡೆ ಇದು ಹೊಸಾ ಸಂಗತಿ ಅಲ್ಲ. ಆಗ ಸಭೆಯೊಳಗ ಕೇಳಿ ಬರೋ ಮಾತು: "ದೇವರ ಮ್ಯಾಲ ಭಾರ ಹಾಕ್ರಿ, ಕಚೇರಿ ಕೋರ್ಟು ಬ್ಯಾಡ." ಮೊದಲ್ನೇ ಮಾತು ಕೀರ್ತನೆ 55:22ರಾಗ ಐತಿ. ಎರಡನೇದನ್ನ ಅದಕ್ಕ ಗಂಟು ಹಾಕಿದವರು ನಾವು.

[ಪರದೆಯ ಮೇಲೆ: 1 ಅರಸುಗಳು 21]

ನಾಬೋತನ ಪ್ರಕರಣಾನ ಒಬ್ಬ ವಕೀಲರಂಗ ಓದ್ರಿ. ಇಜ್ರೇಲಿನಾಗ, ಅರಮನಿ ಮಗ್ಗಲಕ್ಕ ಅವನ ದ್ರಾಕ್ಷಿತೋಟ. ಕಾಯಿಪಲ್ಯೆ ಹಚ್ಚಾಕ ಅದು ಬೇಕು ಅಂತಾನ ಅಹಾಬ ಅರಸ. ಬದಲಿಗೆ ಚಲೋ ತೋಟ, ಇಲ್ಲಾ ರೊಕ್ಕ. ನಾಬೋತ ಒಲ್ಲೆ ಅಂದ. ಹಟಕ್ಕಲ್ಲ. ಭೂಮಿ ಯೆಹೋವಂದು, ಅದನ್ನ ಕಾಯಂ ಮಾರಬಾರದು ಅಂತ ಯಾಜಕಕಾಂಡ 25:23 ಹೇಳತೈತಿ, ತೋಟ ಹಿರೇರ ಆಸ್ತಿ. ಮುಂದ ಅಹಾಬನ ಹೆಂಡ್ತಿ ಈಜೆಬೆಲ್ ಮಾಡಿದ್ದು ನೋಡ್ರಿ: ಅರಸನ ಮುದ್ರಿ ಒತ್ತಿದ ಪತ್ರ, ಊರ ಹಿರೇರ ಮುಂದ ವಿಚಾರಣೆ, ಇಬ್ಬರು ಸಾಕ್ಷಿ. ಇಬ್ಬರ ಯಾಕಂದ್ರ, ಒಬ್ಬನ ಸಾಕ್ಷಿ ನಡಿಯೂದಿಲ್ಲ ಅಂತ ಧರ್ಮೋಪದೇಶಕಾಂಡ 19:15ರಾಗ ಐತಿ. ಕಾಗದದ ಮ್ಯಾಲ ಎಲ್ಲಾ ಬರೋಬ್ಬರಿ, ಒಳಗ ಎಲ್ಲಾ ಸುಳ್ಳು. ನಾಬೋತನ್ನ ಕಲ್ಲು ಹೊಡೆದು ಕೊಂದ್ರು. ಅವನ ಮಕ್ಕಳ ರಕ್ತಾನೂ ಬಿತ್ತು ಅಂತ 2 ಅರಸುಗಳು 9:26ರಾಗ ಗೊತ್ತಾಗತೈತಿ.

ಅಹಾಬ ಕಬ್ಜಾ ತಗೊಳ್ಳಾಕ ಹೋದಾಗ ಪ್ರವಾದಿ ಎಲೀಯ ಅದೇ ತೋಟದಾಗ ಎದುರಾಗಿ ದೇವರ ತೀರ್ಪು ಹೇಳಿದ. ಊರಾಗ ಮುಗಿದ ಖಟ್ಲೆ ದೇವರ ಮುಂದ ಮುಗಿದಿರಲಿಲ್ಲ. ಆದ್ರ ಒಂದು ಮಾತು ಮುಚ್ಚಿಡಬಾರದು: ನಾಬೋತಗ ತೋಟ ತಿರುಗಿ ಸಿಗಲಿಲ್ಲ. ತೀರ್ಪು ಅವತ್ತ ಬಂತು, ಪೂರ್ತಿ ಅಮಲಿಗೆ ಬರಾಕ ಅಹಾಬನ ಮಗ ಯೋರಾಮನ ಕಾಲ ಬೇಕಾತು. "ನಂಬಿದ್ರ ಕೇಸ್ ಗೆಲ್ಲತೀರಿ" ಅಂತ ಪ್ರಾರ್ಥನಾ ಕೂಟದಾಗ ಮಾತು ಕೊಡೋರು ಈ ಕಥಿ ಕಡೀತನಕ ಓದಬೇಕು.

[ಪರದೆಯ ಮೇಲೆ: ಅಪೊಸ್ತಲರ ಕೃತ್ಯಗಳು 24:26-27, 25:10-11]

ಈಗ ಅಪೊಸ್ತಲ ಪೌಲ. ಕೈಸರೈಯದಾಗ ಎರಡು ವರ್ಷ ಸೆರೆ. ರೊಕ್ಕ ಸಿಗತೈತೇನೋ ಅಂತ ಅಧಿಪತಿ ಫೇಲಿಕ್ಸ ಮ್ಯಾಲಿಂದ ಮ್ಯಾಲ ಕರಸತಿದ್ದ. ಸಿಗಲಿಲ್ಲ. ಮುಂದಿನ ಅಧಿಪತಿ ಫೆಸ್ತ ಖಟ್ಲೆನ ಯೆರೂಸಲೇಮಿಗೆ ಒಯ್ಯಾಕ ನೋಡಿದಾಗ ಪೌಲ ರೋಮ್ ಚಕ್ರವರ್ತಿ ಕೈಸರನಿಗೇ ಅಪೀಲು ಹಾಕಿದ. ಮುಯ್ಯಿ ತೀರಿಸೋ ಕೆಲಸ ದೇವರಿಗೆ ಬಿಡ್ರಿ ಅಂತ ರೋಮಾಪುರದವರಿಗೆ 12:19ರಾಗ ಬರೆದಾವನೂ ಇವನ. ಸೇಡು ಬ್ಯಾರೆ, ನ್ಯಾಯ ಕೇಳೂದು ಬ್ಯಾರೆ.

[ದೃಶ್ಯ: ಮೆಟ್ಟಿಲುಗಳ ಚಿತ್ರ]

ಅಧಿಕಾರಿ ಮ್ಯಾಲ ಅಧಿಕಾರಿ, ಅವರ ಮ್ಯಾಲೂ ಒಬ್ಬ ಅಂತ ಪ್ರಸಂಗಿ 5:8 ಹೇಳತೈತಿ. ನಮ್ಮ ಕಡೆ ಆ ಮೆಟ್ಟಲು ಹಿಂಗ ಅದಾವ. ಮೊದಲು ಉತಾರ, ಮ್ಯುಟೇಶನ್ (ಹೆಸರು ಬದಲಾದ ದಾಖಲೆ) ನಕಲು ತಗೋರಿ. ಕರ್ನಾಟಕ ಭೂ ಕಂದಾಯ ಕಾಯ್ದೆ 1964ರ ಕಲಂ 136(2)ರ ಕೆಳಗ ಉಪವಿಭಾಗಾಧಿಕಾರಿಗೆ ಮೇಲ್ಮನವಿ. ಆದೇಶ ತಿಳಿದ ದಿನದಿಂದ 60 ದಿನದಾಗ. ಅದರ ಮ್ಯಾಲ ಜಿಲ್ಲಾಧಿಕಾರಿ, ಆಮ್ಯಾಲ ಧಾರವಾಡದ ಹೈಕೋರ್ಟ್ ಪೀಠ. 2008ಕ್ಕಿಂತ ಮೊದಲು ಅದಕ್ಕ ಬೆಂಗಳೂರಿಗೆ ಹೋಗಬೇಕಿತ್ತು. ಆದ್ರ ಸಹಿ ಖೋಟಾ, ಪಾಲು ಯಾರದು ಅನ್ನೋ ತಕರಾರು ಕಂದಾಯ ಕಚೇರಿಯಾಗ ಬಗೆಹರಿಯೂದಿಲ್ಲ, ಅದಕ್ಕ ಸಿವಿಲ್ ಕೋರ್ಟಿಗೇ ಹೋಗಬೇಕು. ಹೆಣ್ಮಕ್ಕಳಿಗೆ ಆದಾಯ ಎಷ್ಟ ಇರಲಿ, ಕಾನೂನು ಸೇವಾ ಸಮಿತಿಯಿಂದ ಪುಕ್ಕಟೆ ವಕೀಲರು ಸಿಗತಾರ. 15100ಕ್ಕ ಫೋನ್ ಹಚ್ರಿ.

ಎದುರಿನವರೂ ಸಭೆಯವರ ಆಗಿದ್ರ? 1 ಕೊರಿಂಥ 6:5 ಮೊದಲು ಸಭೆಯ ಬುದ್ಧಿವಂತರ ಮುಂದ ಕೂಡಾಕ ಹೇಳತೈತಿ. ಕೂಡ್ರಿ, ತಾರೀಖು ಹಾಕಿ ಬರಕೋರಿ. ಆದ್ರ ಈ ಐತವಾರ, ಬರೋ ಐತವಾರ ಅನ್ನೂದ್ರಾಗ ಆ 60 ದಿನ ಹೋಗಿಬಿಡತಾವ, ಕೇಸು ಕೆಡೂದು ಇಲ್ಲೇ. ಅನ್ಯಾಯ ಯಾಕ ಸಹಿಸಬಾರದು ಅಂತ ಏಳನೇ ವಚನಾನೂ ಕೇಳತೈತಿ, ಖರೆ. ಬಿಟ್ಟುಕೊಡೂದು ಕಳಕೊಂಡವರ ನಿರ್ಧಾರ. ಅದನ್ನ ಅವರ ಮ್ಯಾಲ ಹೇರೋ ಅಧಿಕಾರ ಪಾಸ್ಟರಿಗೂ ಇಲ್ಲ.

ಇದಕ್ಕಿಂತ ಕೆಟ್ಟ ತಪ್ಪು ಒಂದೈತಿ. ಅವರು ಸುಳ್ಳು ಸಾಕ್ಷಿ ತಂದ್ರು ಅಂತ ನಾವೂ ಒಂದು ಸುಳ್ಳು ಅಫಿಡವಿಟ್ ಮಾಡಸೂದು, ಫೈಲು ಲಗೂ ಸರೀಲಿ ಅಂತ ಚಾ-ಪಾನಿಗೆ ರೊಕ್ಕ ಕೊಡೂದು. ಅವತ್ತ ನಾವು ನಾಬೋತನ ಮಗ್ಗಲು ಬಿಟ್ಟು ಈಜೆಬೆಲ್ ಕಡೆ ಹೋಗಿ ನಿಂತಂಗ. ಮ್ಯಾಲೊಬ್ಬ ನ್ಯಾಯಾಧಿಪತಿ ಅದಾರ ಅಂತ ಖರೇನ ನಂಬಿದ್ರ, ಸೋಲೋ ಹೆದರಿಕಿ ಇದ್ದಾಗೂ ಖರೇ ಕಾಗದ ಅಷ್ಟ ಇಡತೀವಿ.

[ದೃಶ್ಯ: ರಾತ್ರಿ, ಮನೆ, ತೆರೆದ ಬೈಬಲ್]

ಅರ್ಜಿ ಕೊಟ್ಟು, ಸ್ವೀಕೃತಿ ಸೀಲು ಹಾಕಿಸ್ಕೊಂಡು ಬಂದ ರಾತ್ರಿ ಮನಿ ಮಂದಿ ಕೂಡಿ ಕೀರ್ತನೆ 13 ಓದ್ರಿ. ಆರೇ ವಚನ. ಇನ್ನೂ ಎಷ್ಟು ದಿನ ಅಂತ ದಾವೀದ ಮೊದಲೆರಡು ವಚನದಾಗ ಮ್ಯಾಲಿಂದ ಮ್ಯಾಲ ಕೇಳತಾನ. ಭರವಸೆ ಬರೂದು ಐದರಾಗ. ಮೊದಲೆರಡನ್ನ ಸಾವಕಾಶ, ಬಾಯಿ ಬಿಟ್ಟು ಓದ್ರಿ. ಯಾರಿಗೆ ಅಳು ಬಂದ್ರೂ ತಡೀಬ್ಯಾಡ್ರಿ, ಐದಕ್ಕ ಓಡಬ್ಯಾಡ್ರಿ. ಪ್ರತಿ ತಾರೀಖಿನ ಹಿಂದಿನ ರಾತ್ರೀನೂ ಹಂಗ.