ಕಟ್ಟಡ ಬಂತು, ಕುರ್ಚಿ ಬರಲಿಲ್ಲ

ಎಲ್ಲರಿಗೂ ನಮಸ್ಕಾರ.

ಬೆಂಗಳೂರಿನ ಆಚೆಗಿನ ಕರ್ನಾಟಕ ಬೆಳೆಯುವುದು ಹೇಗೆ ಅನ್ನೋ ವಿಷಯ ಕೊಟ್ಟಿದ್ದೀರಿ. ಇದರ ಮೇಲೆ ಭಾಷಣ ಬಿಗಿಯೋದು ಸುಲಭ. ಉತ್ತರ ಕರ್ನಾಟಕಕ್ಕೆ ಅನ್ಯಾಯ ಆಗಿದೆ ಎಂದರೆ ಚಪ್ಪಾಳೆ ಬೀಳುತ್ತದೆ. ಬೆಂಗಳೂರಿನ ಟ್ರಾಫಿಕ್ ಬೈದರೆ ಇನ್ನೂ ಜೋರಾಗಿ ಬೀಳುತ್ತದೆ. ಎರಡನ್ನೂ ಇವತ್ತು ಬದಿಗಿಡೋಣ. ಸಹಿ ಹಾಕುವ ಕುರ್ಚಿ ಎಲ್ಲಿದೆಯೋ ದುಡ್ಡು, ಕೆಲಸ, ಓದಿದ ಮಕ್ಕಳು ಎಲ್ಲ ಅಲ್ಲಿಗೇ ಹೋಗುತ್ತಾರೆ ಅನ್ನುವುದು ನನ್ನ ವಾದ. ಇಷ್ಟು ವರ್ಷ ನಾವು ಕಟ್ಟಡ, ರಸ್ತೆ, ಅನುದಾನ ಎಲ್ಲ ಹಂಚಿದ್ದೇವೆ. ಕುರ್ಚಿ ಮಾತ್ರ ಹಂಚಿಲ್ಲ.

ಮೊದಲು ಸ್ವಲ್ಪ ಲೆಕ್ಕ. 2011ರ ಜನಗಣತಿ ಪ್ರಕಾರ ಬೆಂಗಳೂರು ಪಾಲಿಕೆ ವ್ಯಾಪ್ತಿಯಲ್ಲಿ 84 ಲಕ್ಷ ಜನ. ಎರಡನೇ ಸ್ಥಾನದ ಹುಬ್ಬಳ್ಳಿ-ಧಾರವಾಡದಲ್ಲಿ ಸುಮಾರು 9.4 ಲಕ್ಷ. ಅಂದರೆ ಒಂಬತ್ತರಲ್ಲಿ ಒಂದು ಪಾಲು. ಗುಜರಾತಿನಲ್ಲಿ ಅಹಮದಾಬಾದಿನ ಬೆನ್ನಿಗೇ ಸೂರತ್ ಇದೆ. ತಮಿಳುನಾಡಿನಲ್ಲಿ ಚೆನ್ನೈ ದೊಡ್ಡದು, ಸರಿ, ಆದರೆ ಪಂಪ್ ಬೇಕೆಂದರೆ ಕೊಯಮತ್ತೂರು, ಬನಿಯನ್ ಬೇಕೆಂದರೆ ತಿರುಪ್ಪೂರು ಅಂತ ಒಂದೊಂದು ಊರಿಗೆ ಒಂದೊಂದು ಹೆಸರಿದೆ. ನಮ್ಮಲ್ಲಿ ಬೆಂಗಳೂರು ನಗರ ಜಿಲ್ಲೆಯಲ್ಲಿರುವುದು ರಾಜ್ಯದ ಜನರಲ್ಲಿ ಶೇ. 16ರಷ್ಟು ಮಂದಿ, ರಾಜ್ಯದ ಒಟ್ಟು ಉತ್ಪನ್ನದಲ್ಲಿ ಅದರ ಪಾಲು ಮೂರನೇ ಒಂದಕ್ಕಿಂತ ಜಾಸ್ತಿ. ಅಲ್ಲಿನ ತಲಾ ಆದಾಯವನ್ನು ಕಲಬುರಗಿಯ ಜೊತೆ ಇಟ್ಟು ನೋಡಿದರೆ ಐದು ಪಟ್ಟಿನ ಆಸುಪಾಸಿಗೆ ಬರುತ್ತದೆ. ಒಂದೇ ಸರ್ಕಾರ, ಒಂದೇ ಬಜೆಟ್ಟು!

ಇದಕ್ಕೆ ಜನ ಕೊಡೋ ಕಾರಣ ಏನು? ಹವೆ ಚೆನ್ನಾಗಿದೆ, ಕಂಪನಿಗಳು ತಾವಾಗಿಯೇ ಬಂದವು ಅಂತ. ನಾನು ಇದನ್ನು ಪೂರ್ತಿ ಒಪ್ಪುವುದಿಲ್ಲ. ಹವೆ ಮಡಿಕೇರಿಯಲ್ಲೂ ಚೆನ್ನಾಗಿದೆ, ಅಲ್ವಾ. ಬೆಂಗಳೂರಿಗೆ 1940ರಲ್ಲಿ ವಿಮಾನದ ಎಚ್‌ಎಎಲ್ ಬಂತು, 1948ರಲ್ಲಿ ಟೆಲಿಫೋನ್ ಮಾಡುವ ಐಟಿಐ, 1953ರಲ್ಲಿ ಯಂತ್ರೋಪಕರಣದ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸಿನ ಬಿಇಎಲ್. ಅದಕ್ಕೂ ಮೊದಲೇ ಮೈಸೂರು ಮಹಾರಾಜರು ಕೊಟ್ಟ ಜಾಗದಲ್ಲಿ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಈಗಿನ ಭಾರತೀಯ ವಿಜ್ಞಾನ ಸಂಸ್ಥೆ, ನಿಂತಿತ್ತು. ಮುಂದೆ ಇಸ್ರೋ ಕೂಡ ಅಲ್ಲೇ ಕೂತಿತು. ಇವೆಲ್ಲ ಯಾರೋ ಮೇಜಿನ ಮುಂದೆ ಕೂತು ತೆಗೆದುಕೊಂಡ ತೀರ್ಮಾನಗಳು. ಸಾವಿರಾರು ಎಂಜಿನಿಯರುಗಳು, ಟರ್ನರ್‌ಗಳು, ಫಿಟ್ಟರ್‌ಗಳು ಒಂದೇ ಊರಲ್ಲಿ ಸೇರಿದ ಮೇಲೆ ಸಾಫ್ಟ್‌ವೇರ್‌ನವರು ಅಲ್ಲಿಗೆ ಬಂದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಇನ್ನೊಂದು ಮಾತು ಮರೆತುಬಿಡುತ್ತೇವೆ. ಹಳೇ ಮೈಸೂರು ಸಂಸ್ಥಾನ ಕೈಗಾರಿಕೆಯನ್ನೆಲ್ಲ ರಾಜಧಾನಿಯಲ್ಲೇ ಗುಡ್ಡೆ ಹಾಕಿರಲಿಲ್ಲ. 1923ರಲ್ಲಿ ಭದ್ರಾವತಿಯಲ್ಲಿ ಕಬ್ಬಿಣ, 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ, ಆಮೇಲೆ ಭದ್ರಾವತಿಯಲ್ಲೇ ಕಾಗದ, ಇವೆಲ್ಲಕ್ಕೂ ಮೊದಲೇ ಮೈಸೂರಿನಲ್ಲಿ ಶ್ರೀಗಂಧದೆಣ್ಣೆ. ಕಚ್ಚಾ ಮಾಲು ಎಲ್ಲಿದೆಯೋ ಕಾರ್ಖಾನೆ ಅಲ್ಲಿ. ಆ ಕಾಗದ ಕಾರ್ಖಾನೆ ಈಗ ನಿಂತುಹೋಗಿದೆ. ಕಬ್ಬಿಣದ ಕಾರ್ಖಾನೆ ಮುಚ್ಚುತ್ತಾರೋ ಉಳಿಸುತ್ತಾರೋ ಅನ್ನೋ ಮಾತು ವರ್ಷಗಟ್ಟಲೆ ನಡೆದಿದೆ. ಆ ತೀರ್ಮಾನವೂ ಭದ್ರಾವತಿಯಲ್ಲಿ ಆಗುವಂಥದ್ದಲ್ಲ.

ಈಗ ಕುರ್ಚಿ ಹೋದರೆ ಏನಾಗುತ್ತದೆ ಅಂತ ಹತ್ತಿರದಿಂದ ನೋಡೋಣ. ಕರಾವಳಿಯನ್ನೇ ತೆಗೆದುಕೊಳ್ಳಿ. ಕೆನರಾ ಬ್ಯಾಂಕ್, ಕಾರ್ಪೊರೇಷನ್ ಬ್ಯಾಂಕ್ ಎರಡೂ ಹುಟ್ಟಿದ್ದು 1906ರಲ್ಲಿ, ಒಂದು ಮಂಗಳೂರಿನಲ್ಲಿ, ಇನ್ನೊಂದು ಉಡುಪಿಯಲ್ಲಿ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಅಷ್ಟು ಚಿಕ್ಕ ಜಾಗದಲ್ಲಿ ಇಷ್ಟು ಬ್ಯಾಂಕು ಹುಟ್ಟಿದ್ದು ದೇಶದಲ್ಲೇ ಅಪರೂಪ. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರು ಮಾಡಿದರು, ದಿನಕ್ಕೆ ಎರಡಾಣೆ ಆದರೂ ಸರಿ, ಏಜೆಂಟ್ ಮನೆ ಬಾಗಿಲಿಗೆ ಬಂದು ತೆಗೆದುಕೊಂಡು ಹೋಗುತ್ತಿದ್ದ. ಅಂಗಡಿಯವರ, ಬೀಡಿ ಕಟ್ಟುವವರ, ಮೀನು ಮಾರುವವರ ಚಿಲ್ಲರೆ ಸೇರಿ ಬಂಡವಾಳ ಆಯಿತು. ಸಾಲ ಕೊಡಬೇಕೋ ಬೇಡವೋ ಎಂದು ನೋಡುವವರಿಗೆ ಕೇಳಿದವನ ಅಪ್ಪ ಯಾರು, ಅಂಗಡಿ ಎಂಥದ್ದು ಎಂಬುದೂ ಗೊತ್ತಿರುತ್ತಿತ್ತು.

ಕೆನರಾ ಮತ್ತು ವಿಜಯಾ ಬ್ಯಾಂಕಿನ ಹೆಡ್ ಆಫೀಸುಗಳು ಹಿಂದೆಯೇ ಬೆಂಗಳೂರಿಗೆ ಹೋಗಿದ್ದವು. 2019ರಲ್ಲಿ ವಿಜಯಾ ಬ್ಯಾಂಕ್ ಬರೋಡಾ ಬ್ಯಾಂಕಿಗೆ ಸೇರಿತು. 2020ರ ಏಪ್ರಿಲ್‌ನಲ್ಲಿ ಮಣಿಪಾಲದ ಸಿಂಡಿಕೇಟ್ ಕೆನರಾದೊಳಗೆ, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ ಸೇರಿಹೋದವು. ಶಾಖೆ ಮುಚ್ಚಲಿಲ್ಲವಲ್ಲ, ಬೋರ್ಡು ಬದಲಾಯಿತು ಅಷ್ಟೇ, ಅದರಲ್ಲೇನು ಅಂತ ಕೇಳಬಹುದು. ಹೆಡ್ ಆಫೀಸ್ ಇದ್ದ ಊರಲ್ಲಿ ಜನರಲ್ ಮ್ಯಾನೇಜರುಗಳು ಇರುತ್ತಾರೆ, ಅವರ ಮಕ್ಕಳಿಗೆ ಒಳ್ಳೆಯ ಶಾಲೆ ಬೇಕು, ಆಡಿಟರ್ ಬೇಕು, ವಕೀಲರು ಬೇಕು, ಪ್ರಿಂಟಿಂಗ್ ಪ್ರೆಸ್ಸಿಗೆ ವರ್ಷವಿಡೀ ಕೆಲಸ, ಮೀಟಿಂಗಿಗೆ ಬಂದವರಿಗೆ ಹೋಟೆಲ್ಲು, ಅವರನ್ನು ನಂಬಿಕೊಂಡು ಟ್ಯಾಕ್ಸಿಯವರು, ಕಂಪ್ಯೂಟರ್ ರಿಪೇರಿಯವರು. ಇದೆಲ್ಲ ಯಾವ ಜಿಲ್ಲಾ ಅಭಿವೃದ್ಧಿ ಯೋಜನೆಯಲ್ಲೂ ಇರುವುದಿಲ್ಲ, ಕುರ್ಚಿಯ ಬೆನ್ನಿಗೆ ತಾನಾಗಿ ಬರುತ್ತದೆ. ಹೋಗುವಾಗಲೂ ಸದ್ದಿಲ್ಲದೆ ಹೋಗುತ್ತದೆ. ಕರ್ಣಾಟಕ ಬ್ಯಾಂಕಿನ ಹೆಡ್ ಆಫೀಸು ಮಂಗಳೂರಿನಲ್ಲೇ ಇದೆ, ಪುಣ್ಯಕ್ಕೆ.

ಇದರ ಉಲ್ಟಾ ಕತೆಯೂ ಇದೆ. ಹೈಕೋರ್ಟಿನ ಪೀಠಗಳು 2008ರಲ್ಲಿ ಧಾರವಾಡ ಮತ್ತು ಕಲಬುರಗಿಗೆ ಬಂದವು, 2013ರಲ್ಲಿ ಕಾಯಂ ಆದವು. ಅದಕ್ಕೂ ಮೊದಲು ಬೀದರಿನ ರೈತನೊಬ್ಬ ಜಮೀನಿನ ಮೇಲ್ಮನವಿಗೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಹೋಗಬೇಕಿತ್ತು, ಅಲ್ಲಿ ಕೇಸು ಮುಂದಕ್ಕೆ ಹೋದರೆ ಲಾಡ್ಜಿನ ಖರ್ಚು ಬೇರೆ. ಈಗ ಆತ ಕಲಬುರಗಿಗೆ ಹೋದರೆ ಸಾಕು. ಕೋರ್ಟಿನ ಜೊತೆ ವಕೀಲರು ಬಂದರು, ಜೂನಿಯರುಗಳು ಬಂದರು, ಟೈಪಿಂಗ್, ಜೆರಾಕ್ಸ್, ಮೆಸ್ಸು, ಬಾಡಿಗೆ ಮನೆ ಎಲ್ಲ ಬಂತು. ಕಾನೂನು ಓದಿದ ಹುಡುಗಿ ಪ್ರಾಕ್ಟೀಸಿಗೆ ಬೆಂಗಳೂರಿಗೇ ಹೋಗಬೇಕು ಎಂದೇನಿಲ್ಲ. ನೈಋತ್ಯ ರೈಲ್ವೆಯೂ ಹಾಗೆಯೇ. ಅದರ ಕೇಂದ್ರ ಬೆಂಗಳೂರಿನಲ್ಲಿ ಅಂತ ಮೊದಲು ಲೆಕ್ಕಾಚಾರ ಇತ್ತು. ಹುಬ್ಬಳ್ಳಿಯ ಜನ ಬೀದಿಗಿಳಿದು ಹೋರಾಡಿ ತಂದರು, 2003ರಿಂದ ಜನರಲ್ ಮ್ಯಾನೇಜರ್ ಕೂರುವುದು ಹುಬ್ಬಳ್ಳಿಯಲ್ಲಿ. ಟೆಂಡರ್ ಬೇಕಾದವರು, ಅಹವಾಲು ಇರುವವರು, ಬೆಂಗಳೂರಿನವರು ಸಮೇತ, ಅಲ್ಲಿಗೇ ಬರಬೇಕು.

ಇನ್ನು ಬೆಳಗಾವಿಯ ಸುವರ್ಣ ವಿಧಾನಸೌಧ. 2012ರ ಅಕ್ಟೋಬರಿನಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ಉದ್ಘಾಟಿಸಿದರು. ಭರ್ಜರಿ ಕಟ್ಟಡ. ಚಳಿಗಾಲದಲ್ಲಿ ಎರಡು ವಾರ ಅಧಿವೇಶನ, ಆಗ ಊರಲ್ಲಿ ರೂಮು ಸಿಗುವುದಿಲ್ಲ, ದಾರಿಯುದ್ದಕ್ಕೂ ಪೊಲೀಸರು, ಹೊರಗೆ ಟೆಂಟಿನಲ್ಲಿ ದಿನಾ ಪ್ರತಿಭಟನೆ. ಅಧಿವೇಶನ ಮುಗಿದರೆ ಕಾರುಗಳು ಸಾಲಾಗಿ ವಾಪಸ್. ಫೈಲು ಬೆಂಗಳೂರಿನಿಂದ ಬಂದಿತ್ತು, ಬೆಂಗಳೂರಿಗೇ ಹೋಯಿತು. ಕೆಲವು ಇಲಾಖೆಗಳನ್ನು ಕಾಯಂ ಆಗಿ ಅಲ್ಲಿಗೆ ಕಳಿಸುತ್ತೇವೆ ಎಂಬ ಮಾತು ಎಷ್ಟೋ ಸಲ ಬಂದಿದೆ, ಆದರೆ ಹಿರಿಯ ಅಧಿಕಾರಿಗಳ ಮನೆ, ಮಕ್ಕಳ ಶಾಲೆ, ಸಚಿವರ ಕಚೇರಿ ಎಲ್ಲ ಬೆಂಗಳೂರಿನಲ್ಲೇ ಇರುವಾಗ ಯಾರು ಮನಸಾರೆ ಹೋಗುತ್ತಾರೆ ಹೇಳಿ. ಜರ್ಮನಿಯಲ್ಲಿ ಸಂವಿಧಾನ ನ್ಯಾಯಾಲಯ ಕಾರ್ಲ್ಸ್‌ರೂಹೆಯಲ್ಲಿದೆ, ರಿಸರ್ವ್ ಬ್ಯಾಂಕಿನಂಥ ಬುಂಡೆಸ್‌ಬ್ಯಾಂಕ್ ಫ್ರಾಂಕ್‌ಫರ್ಟಿನಲ್ಲಿದೆ. ಬರ್ಲಿನ್ ರಾಜಧಾನಿ ಅಂತ ಎಲ್ಲವನ್ನೂ ಅಲ್ಲಿಗೆ ಎಳೆದುಕೊಂಡಿಲ್ಲ.

ರಾಜ್ಯದ ಪ್ರಾದೇಶಿಕ ಅಸಮತೋಲನ ಅಳೆದ ನಂಜುಂಡಪ್ಪ ಸಮಿತಿಯ ವಿಚಾರ ಎತ್ತದೆ ಈ ಮಾತು ಮುಗಿಯುವುದಿಲ್ಲ. 2002ರಲ್ಲಿ ವರದಿ ಕೊಟ್ಟರು. ಆಗಿದ್ದ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು, ಅದರಲ್ಲಿ 39 ಅತ್ಯಂತ ಹಿಂದುಳಿದವು, ಆ 39ರಲ್ಲಿ 21 ಆಗಿನ ಗುಲ್ಬರ್ಗಾ ವಿಭಾಗದಲ್ಲೇ. ಇದು ಎಲ್ಲರಿಗೂ ಬಾಯಿಪಾಠ. ಜನ ಅಷ್ಟಾಗಿ ಹೇಳದ ಸಂಗತಿ ಎಂದರೆ 114ರಲ್ಲಿ 55 ತಾಲ್ಲೂಕು ದಕ್ಷಿಣದವು. ಪಾವಗಡ, ಬಾಗೇಪಲ್ಲಿ, ಕನಕಪುರ ಕೂಡ ಪಟ್ಟಿಯಲ್ಲಿದ್ದವು. ಕನಕಪುರ ಬೆಂಗಳೂರಿನ ಮಗ್ಗುಲಲ್ಲೇ ಇದೆ! ಹಾಗಾಗಿ ಬರೀ ದೂರ ಇರುವುದೇ ರೋಗ ಅಂತ ಹೇಳಲು ಆಗುವುದಿಲ್ಲ.

ಪಾವಗಡ ನೋಡಿ. ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್. ರೈತರ ಜಮೀನು ಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು ಮಾಡಿ ಗುತ್ತಿಗೆಗೆ ತೆಗೆದುಕೊಂಡರು. ಇದು ಒಳ್ಳೆಯ ಕೆಲಸವೇ, ಮಳೆ ಕೈಕೊಡುವ ಊರಲ್ಲಿ ಖಾತ್ರಿ ದುಡ್ಡು. ಆದರೆ ಜಮೀನೇ ಇಲ್ಲದವನ ಗತಿ? ಶೇಂಗಾ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳಿಗೆ ಗುತ್ತಿಗೆ ದುಡ್ಡಿಲ್ಲ, ಹೊಲವೂ ಇಲ್ಲ. ಪ್ಯಾನೆಲ್ ಒರೆಸಲು, ಹುಲ್ಲು ಕೀಳಲು, ಕಾವಲಿಗೆ ಒಂದಷ್ಟು ಜನ ಸಾಕು. ಕರೆಂಟು ತಂತಿಯಲ್ಲಿ ಹೊರಟುಹೋಗುತ್ತದೆ. ಆ ಕರೆಂಟು ಬಳಸುವ ಒಂದು ದೊಡ್ಡ ಕಾರ್ಖಾನೆ ಪಕ್ಕದಲ್ಲೇ ಬರಲಿ ಅಂತ ಷರತ್ತು ಹಾಕುವ ಅಧಿಕಾರ ಆ ಊರಿನವರ ಕೈಯಲ್ಲಿರಲಿಲ್ಲ. ರಾಯಚೂರಿನ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಉರಿಯುತ್ತಿದೆ, ಅಲ್ಲೂ ಇದೇ ಕತೆ. ಬೂದಿ ರಾಯಚೂರಿಗೆ, ಬೆಳಕು ಎಲ್ಲರಿಗೂ.

ಈಗ ನನ್ನ ಕಡೆಯವರಿಗೇ ಬೇಸರವಾಗುವ ಮಾತು. ಜಿಲ್ಲೆಗೊಂದು ಐಟಿ ಪಾರ್ಕ್ ಅನ್ನೋದು ಸುಮ್ನೆ ದುಡ್ಡು ದಂಡ. ಕಂಪನಿಗಳು ಒಂದೇ ಕಡೆ ಗುಂಪು ಸೇರುವುದಕ್ಕೆ ಗಟ್ಟಿ ಕಾರಣ ಇದೆ. ಬೆಂಗಳೂರಿನಲ್ಲಿ ಕೆಲಸ ಹೋದರೆ ಮನೆ ಬದಲಿಸದೆ ಇನ್ನೊಂದು ಕೆಲಸ ಹುಡುಕಬಹುದು. ಗಂಡ ಹೆಂಡತಿ ಇಬ್ಬರಿಗೂ ಕೆಲಸ ಸಿಗುತ್ತದೆ. ಹಬ್ಬದ ಹಿಂದಿನ ರಾತ್ರಿ ಹುಬ್ಬಳ್ಳಿ, ಕಲಬುರಗಿ ಬಸ್ಸಿಗೆ ಡಬಲ್ ರೇಟು ಕೊಟ್ಟು ಊರಿಗೆ ಹೋಗುವ ಹುಡುಗರನ್ನು ಕೇಳಿ. ಊರಲ್ಲಿ ಒಂದು ಕೆಲಸ ಸಿಕ್ಕರೆ ಬರುತ್ತೀಯಾ ಎಂದರೆ ಯೋಚಿಸುತ್ತಾರೆ, ಆ ಕೆಲಸ ಹೋದರೆ ಎರಡನೆಯದು ಎಲ್ಲಿದೆ ಅಂತ ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದಕ್ಕೇ 31 ಜಿಲ್ಲೆಗೂ ಚೂರು ಚೂರು ಹಂಚುವ ಬದಲು ನಾಲ್ಕೈದು ಊರುಗಳನ್ನು ಹಿಡಿದು ನಿಜವಾಗಿ ದೊಡ್ಡದು ಮಾಡಬೇಕು. ಬೆಳಗಾವಿಯಲ್ಲಿ ಫೌಂಡ್ರಿ ಕೆಲಸ ಹಳೆಯದು, ಅದರ ಮೇಲೇ ಅದೇ ಜಿಲ್ಲೆಯ ಹತ್ತರಗಿಯಲ್ಲಿ ವಿಮಾನದ ಬಿಡಿಭಾಗಗಳ ಕೈಗಾರಿಕೆ ಬೆಳೆದಿದೆ. ಮಂಗಳೂರಿಗೆ ಬಂದರಿದೆ, ಸುರತ್ಕಲ್ಲಿನಲ್ಲಿ ಎನ್‌ಐಟಿಕೆ ಇದೆ. ಹುಬ್ಬಳ್ಳಿ-ಧಾರವಾಡಕ್ಕೆ ರೈಲ್ವೆ, ಹೈಕೋರ್ಟ್, ಐಐಟಿ ಎಲ್ಲ ಬಂದಿದೆ. ಕಲಬುರಗಿ ತೊಗರಿಗೆ ಆ ಊರಿನದೇ ಅನ್ನುವ ಜಿಐ ಗುರುತೂ ಸಿಕ್ಕಿದೆ, ಬೇಳೆ ಒಡೆದು ಮೂಟೆಯಲ್ಲಿ ಕಳಿಸುವುದು ಬಿಟ್ಟು ಪ್ಯಾಕೆಟ್ಟಿನ ಮೇಲಿನ ಹೆಸರೂ ಅಲ್ಲಿನವರದೇ ಆಗಬೇಕು. ಉಳಿದ ಜಿಲ್ಲೆಗಳ ಶಾಸಕರು ಜಗಳ ತೆಗೆಯುತ್ತಾರೆ. ತೆಗೆಯಲಿ.

ಮೋಸದ ಲೆಕ್ಕವೂ ಬೇಡ. ದೇವನಹಳ್ಳಿಗೆ, ದೊಡ್ಡಬಳ್ಳಾಪುರಕ್ಕೆ, ಕೋಲಾರದ ನರಸಾಪುರಕ್ಕೆ ಬಂದ ಫೋನ್ ಕಾರ್ಖಾನೆಗಳನ್ನು ತೋರಿಸಿ ಬೆಂಗಳೂರಿನ ಹೊರಗೆ ಹೂಡಿಕೆ ಅಂದರೆ ಹೇಗೆ? ಜಿಲ್ಲೆ ಬೇರೆ ಇರಬಹುದು, ವಿಮಾನ ನಿಲ್ದಾಣ ಒಂದೇ. ಈಚೆಗೆ ರಾಮನಗರ ಜಿಲ್ಲೆಗೇ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಅಲ್ಲಿನವರಿಗೆ ಜಮೀನಿನ ರೇಟು ಏರಿದರೆ ಖುಷಿ, ಅದನ್ನು ತಪ್ಪು ಅನ್ನಲಾರೆ.

ದುಡ್ಡು ಕೊಡುತ್ತಿಲ್ಲವಾ ಅಂತ ಕೇಳುತ್ತೀರಿ. 2012ರ ತಿದ್ದುಪಡಿಯಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಅದರ ಅಭಿವೃದ್ಧಿಗೆ ಮಂಡಳಿ ಬಂತು, ವರ್ಷಕ್ಕೆ 5,000 ಕೋಟಿ ಅಂತ ಬಜೆಟ್ಟಿನಲ್ಲಿ ಹೇಳಿದ್ದಾರೆ. 371(ಜೆ) ಮೀಸಲಾತಿಯಿಂದ ಮೆಡಿಕಲ್, ಎಂಜಿನಿಯರಿಂಗ್ ಸೀಟು ಸಿಕ್ಕ ಮಕ್ಕಳಿದ್ದಾರೆ, ಅದು ಸಣ್ಣ ವಿಷಯ ಅಲ್ಲ. ಆದರೆ ಮಂಡಳಿಯ ದುಡ್ಡು ಬಹುಪಾಲು ರಸ್ತೆ, ಕಟ್ಟಡದ ಕಾಮಗಾರಿಗೇ ಹೋಗುತ್ತದೆ ಎಂಬ ದೂರು ಹಳೆಯದು. 1987ರಲ್ಲಿ ಇದೇ ರಾಜ್ಯದಲ್ಲಿ, ಹೆಗಡೆ ಮುಖ್ಯಮಂತ್ರಿ, ನಜೀರ್ ಸಾಬ್ ಗ್ರಾಮೀಣಾಭಿವೃದ್ಧಿ ಮಂತ್ರಿ ಆಗಿದ್ದಾಗ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆದು ಅಧ್ಯಕ್ಷರಿಗೆ ರಾಜ್ಯ ಸಚಿವರ ದರ್ಜೆ ಸಿಕ್ಕಿತ್ತು, ಅವರ ಕೈಕೆಳಗೆ ಜಿಲ್ಲಾಧಿಕಾರಿಗಿಂತ ಹಿರಿಯ ಅಧಿಕಾರಿ ಇರುತ್ತಿದ್ದರು. ಕುರ್ಚಿ ಹಂಚಿದ ಒಂದು ಪ್ರಯೋಗ ಅದು. ಈಗಿನ ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲೇ ಮುಗಿದರೂ ವರ್ಷಗಟ್ಟಲೆ ಚುನಾವಣೆ ಇಲ್ಲದೆ ಅಧಿಕಾರಿಗಳೇ ನಡೆಸಿದರು. ಇದರ ಬಗ್ಗೆ ಬೀದಿಗೆ ಬಂದವರನ್ನು ನಾನು ನೋಡಿಲ್ಲ. ಬೀದಿಗೆ ಬರಬೇಕಿತ್ತು.

ಪ್ರಶ್ನೆಗಳಿಗೆ ಸಮಯ ಬಿಟ್ಟಿದ್ದೇನೆ. ಹುಬ್ಬಳ್ಳಿಯಿಂದ ಕರಾವಳಿಯ ಅಂಕೋಲಾಕ್ಕೆ ಹೊಸ ರೈಲು ಮಾರ್ಗ ಹಾಕುವ ಯೋಜನೆಯ ಬಗ್ಗೆ ಯಾರಾದರೂ ಕೇಳೇ ಕೇಳುತ್ತೀರಿ, ಅದಕ್ಕೆ ಮೊದಲೇ ಹೇಳಿಬಿಡುತ್ತೇನೆ. ಉತ್ತರ ಕರ್ನಾಟಕಕ್ಕೆ ಬಂದರಿನ ದಾರಿ ಬೇಕು, ನಿಜ. ದಾರಿಯಲ್ಲಿ ಪಶ್ಚಿಮ ಘಟ್ಟದ ದಟ್ಟ ಕಾಡಿದೆ, ಅದೂ ನಿಜ. ನನ್ನ ಮಟ್ಟಿಗೆ ಕಾಡಿನ ಮಾತೇ ತೂಕದ್ದು. ನೀವು ಒಪ್ಪದಿರಬಹುದು. ಎರಡು ದಶಕಕ್ಕೂ ಜಾಸ್ತಿ ಕಾಲ ಹೌದು ಎನ್ನದೆ ಇಲ್ಲ ಎನ್ನದೆ ನೇತಾಡಿಸಿದ್ದನ್ನು ಮಾತ್ರ ಕ್ಷಮಿಸಲಾಗದು. ಆಗುವುದಿಲ್ಲ ಅಂತ ಒಂದು ಸಲ ಹೇಳಿಬಿಟ್ಟಿದ್ದರೆ ಲೋಂಡಾ ಮೂಲಕ ಗೋವಾಕ್ಕೆ ಈಗಿರುವ ಮಾರ್ಗಕ್ಕೋ ಇನ್ನೊಂದಕ್ಕೋ ಆ ಜೋರನ್ನೆಲ್ಲ ಹಾಕಬಹುದಿತ್ತು. ಸರಿ, ಈಗ ಕೇಳಿ.