ಫೀಸು ಕಟ್ಟುವ ಮೊದಲು ಒಂದು ಪ್ರಶ್ನೆ

ನಮಸ್ಕಾರ. ಪಿಯುಸಿ ಫಲಿತಾಂಶ ಬಂದಿದೆ. ಮನೆಮನೆಯಲ್ಲೂ ಈಗ ಒಂದೇ ಮಾತು, ಮುಂದೇನು ಓದಿಸೋದು? ಇಂಜಿನಿಯರಿಂಗ್ ಬೇಡ, ಪತ್ರಿಕೋದ್ಯಮ, ರೇಡಿಯೋ, ಟಿವಿ, ಜಾಹೀರಾತು ಇವನ್ನೇ ಕಲಿಯುತ್ತೇನೆ ಎಂದು ಹಟ ಹಿಡಿದ ಮಕ್ಕಳಿದ್ದಾರಲ್ಲ, ಅವರ ಅಪ್ಪ ಅಮ್ಮಂದಿರ ಜೊತೆ ಇವತ್ತು ನನ್ನ ಮಾತು. ಮಕ್ಕಳು ಪಕ್ಕದಲ್ಲಿದ್ದರೆ ಅವರೂ ಕೇಳಲಿ.

ಇವೆಲ್ಲ ಸೇರಿದ ಸಂವಹನ ಎಂಬ ವಿಷಯದ ಪಾಠ ಮಾಡುತ್ತಲೇ ತಲೆ ಬೆಳ್ಳಗಾದವಳು ನಾನು. ಖಾಸಗಿ ವಿಶ್ವವಿದ್ಯಾಲಯಕ್ಕೆ ಸೇರಿಸಬಹುದಾ ಎಂದು ಎಲ್ಲರೂ ಕೇಳುತ್ತಾರೆ. ಧಾರಾಳವಾಗಿ ಸೇರಿಸಿ. ಆದರೆ ಫೀಸು ಕಟ್ಟುವ ಮೊದಲು ಒಂದೇ ಒಂದು ಮಾತು ಕೇಳಿ: "ನಿಮ್ಮ ವಿದ್ಯಾರ್ಥಿಗಳು ಹೋದ ವಾರ ಮಾಡಿದ ಕೆಲಸ ತೋರಿಸಿ." ಹೋದ ವರ್ಷ ಬಹುಮಾನ ಗೆದ್ದದ್ದಲ್ಲ, ಹೋದ ವಾರದ್ದು.

ಯಾಕೆ ಅಂದರೆ, ಸಂವಹನ ಅನ್ನೋದು ನಾವು ಹೇಳಿದ್ದು ಇನ್ನೊಬ್ಬರಿಗೆ ಮುಟ್ಟಿತಾ ಇಲ್ಲವಾ ಎಂದು ನೋಡುವ ವಿದ್ಯೆ. 1975ರ ಆಗಸ್ಟ್‌ನಿಂದ ಒಂದು ವರ್ಷ ನಮ್ಮ ದೇಶದ ಸುಮಾರು 2,400 ಹಳ್ಳಿಗಳಲ್ಲಿ ಉಪಗ್ರಹದ ಮೂಲಕ ಟಿವಿ ತೋರಿಸಿದರು. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರದ ಹಳ್ಳಿಗಳೂ ಅದರಲ್ಲಿದ್ದವು. ತೋರಿಸಿ ಸುಮ್ಮನಾಗಲಿಲ್ಲ. ಸಂಶೋಧಕರು ಹಳ್ಳಿಗಳಲ್ಲೇ ಉಳಿದು ಜನ ಏನು ನೋಡಿದರು, ಏನು ತಿಳಿದುಕೊಂಡರು ಎಂದು ಬರೆದುಕೊಂಡರು. ಇದು ಸಂವಹನ ವಿಜ್ಞಾನ. ಬರೀ ನೋಟ್ಸ್ ಬರೆದರೆ ಇದು ಬರೋದಿಲ್ಲ.

ಹೋದ ವರ್ಷ ತಿಪಟೂರಿನಿಂದ ನನ್ನ ತಮ್ಮ ಫೋನ್ ಮಾಡಿದ. "ಅಕ್ಕಾ, ಮಗಳಿಗೆ ಬೆಂಗಳೂರಲ್ಲಿ ಒಂದು ಯೂನಿವರ್ಸಿಟಿ ನೋಡಿದೀವಿ. ನೀನೂ ಒಂದ್ಸಲ ಬಾ." ಹೋದೆ. ಗೇಟಿನಿಂದ ಒಳಗೆ ಹೋಗಲು ಬ್ಯಾಟರಿ ಗಾಡಿ. ಅಡ್ಮಿಷನ್ ವಿಭಾಗದ ಹುಡುಗ ಕಾಫಿ ಕೊಟ್ಟ, ಬಣ್ಣದ ಪುಸ್ತಕ ಕೊಟ್ಟ, ಸ್ಟುಡಿಯೋ ಹತ್ತಿರ ಕರೆದುಕೊಂಡು ಹೋದ. ಗಾಜಿನಾಚೆ ಸುದ್ದಿ ಓದುವ ಮೇಜು, ಹಸಿರು ಪರದೆ, ದೊಡ್ಡ ದೊಡ್ಡ ಕ್ಯಾಮೆರಾ. ತಮ್ಮನ ಮಗಳ ಕಣ್ಣು ಅರಳಿತು. "ಒಳಗೆ ಹೋಗಿ ನೋಡೋಣ" ಎಂದೆ. ಬೀಗ ಹಾಕಿತ್ತು. ಕೀ ಟೆಕ್ನಿಷಿಯನ್ ಹತ್ತಿರ ಇದೆ, ಅವರು ರಜೆ ಅಂದರು. ನಾನು ಬಿಡಲಿಲ್ಲ. ಆಫೀಸಿನಲ್ಲಿ ಇನ್ನೊಂದು ಕೀ ಸಿಕ್ಕಿತು.

ಕ್ಯಾಮೆರಾದ ಪುಟ್ಟ ಪರದೆಗೆ ಅಂಗಡಿಯವರು ಅಂಟಿಸಿದ ಪ್ಲಾಸ್ಟಿಕ್ ಹಾಳೆ ಹಾಗೇ ಇತ್ತು! ಧ್ವನಿ ಹೊಂದಿಸುವ ಮಿಕ್ಸರಿನ ಮೇಲೆ ಬೆರಳಿಟ್ಟರೆ ಧೂಳು. ಉಪಕರಣ ಪಡೆದವರು ಸಹಿ ಹಾಕುವ ರಿಜಿಸ್ಟರ್ ತೆರೆದೆ. ಮೊದಲ ಪುಟದಲ್ಲಿ ನಾಲ್ಕಾರು ಸಹಿ, ಅಲ್ಲಿಂದಾಚೆ ಖಾಲಿ. ಕಾರಿಡಾರಿನಲ್ಲಿ ಸಿಕ್ಕ ಎರಡನೇ ವರ್ಷದ ಹುಡುಗಿಯನ್ನು ಕೇಳಿದೆ, "ಇಲ್ಲಿವರೆಗೆ ಏನೇನು ಮಾಡಿದ್ದೀಯಮ್ಮಾ?" ಪಾಪ, ಮರ್ಯಾದೆಯಿಂದ ಹೇಳಿದಳು, "ಪಿಪಿಟಿ ಮಾಡಿದೀವಿ ಮೇಡಂ." ಪಿಪಿಟಿ ಅಂದರೆ ಕಂಪ್ಯೂಟರಿನಲ್ಲಿ ಮಾಡಿ ಪರದೆಯ ಮೇಲೆ ತೋರಿಸುವ ಸ್ಲೈಡುಗಳು, ಅಷ್ಟೇ. ಲಿಫ್ಟಿನಲ್ಲಿ ತಮ್ಮ ಮೆಲ್ಲಗೆ, "ಬಿಲ್ಡಿಂಗ್ ಚೆನ್ನಾಗಿದೆ ಅಲ್ವಾ ಅಕ್ಕಾ?" ಅಂದ. ನನಗೆ ಸಿಟ್ಟೇ ಬಂತು. ಅವನ ಮೇಲಲ್ಲ, ಇಷ್ಟೆಲ್ಲ ತಂದಿಟ್ಟು ಮಕ್ಕಳ ಕೈಗೆ ಕೊಡದವರ ಮೇಲೆ.

ಮಧ್ಯಾಹ್ನ ಇನ್ನೊಂದು ಕಡೆ ಹೋದೆವು. ಅದೂ ಖಾಸಗಿಯೇ. ರೆಕಾರ್ಡಿಂಗ್ ಕೋಣೆ ಚಿಕ್ಕದು, ಕುರ್ಚಿಯ ರೆಕ್ಸಿನ್ ಹರಿದಿತ್ತು. ಒಬ್ಬಳು ವಿದ್ಯಾರ್ಥಿನಿ ಪೌರಕಾರ್ಮಿಕ ಮಹಿಳೆಯನ್ನು ಮಾತನಾಡಿಸಿಕೊಂಡು ಬಂದಿದ್ದಳು. ಅವಳ ಸ್ಕ್ರಿಪ್ಟಿನ ಅಂಚಿನಲ್ಲಿ ಮೇಷ್ಟ್ರು ಕೆಂಪು ಇಂಕಿನಲ್ಲಿ ಬರೆದಿದ್ದರು: "ನಿನ್ನ ಪ್ರಶ್ನೆ ಉದ್ದವಾಯಿತು. ಅವರು ಮಾತಾಡಲಿ." ಅವಳು ಹೆಡ್‌ಫೋನ್ ಹಾಕಿಕೊಂಡು ತನ್ನ ಮಾತನ್ನೇ ಕತ್ತರಿಸುತ್ತಾ ಕೂತಿದ್ದಳು. ಅಷ್ಟು ಸಾಕಾಯಿತು ನನಗೆ. ತಮ್ಮನ ಮಗಳು ಈಗ ಅಲ್ಲೇ ಓದುತ್ತಿದ್ದಾಳೆ.

ಈ ಕತೆಗೇ ಜಾಸ್ತಿ ಹೊತ್ತು ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ.

ಕ್ಯಾಂಪಸ್‌ನಲ್ಲಿ ಸಮುದಾಯ ಬಾನುಲಿ, ಅಂದರೆ ಸುತ್ತಲಿನ ಜನರಿಗಾಗಿಯೇ ನಡೆಯುವ ಸಣ್ಣ ರೇಡಿಯೋ ಕೇಂದ್ರ, ಇದೆಯಾ ವಿಚಾರಿಸಿ. ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯ 2004ರಲ್ಲಿ ಮೊದಲು ಶುರು ಮಾಡಿತು. ನಮ್ಮಲ್ಲಿ ಮಂಗಳೂರಿನ ಸಂತ ಅಲೋಶಿಯಸ್ ಶಿಕ್ಷಣ ಸಂಸ್ಥೆಯ ರೇಡಿಯೋ ಸಾರಂಗ್ 107.8 ಇದೆ, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್ 90.4 ಇದೆ, ಬೆಂಗಳೂರಿನಲ್ಲಿ ಜೈನ್ ಶಿಕ್ಷಣ ಸಂಸ್ಥೆಯವರ ರೇಡಿಯೋ ಆ್ಯಕ್ಟಿವ್ 90.4 ಇದೆ. ಇಂಥ ಕೇಂದ್ರಗಳಲ್ಲಿ ಕನಿಷ್ಠ ಅರ್ಧದಷ್ಟು ಕಾರ್ಯಕ್ರಮ ಆ ಊರಿನ ಜನರನ್ನು ಸೇರಿಸಿಕೊಂಡೇ ಮಾಡಬೇಕು ಅನ್ನೋದು ನಿಯಮ. ಮೀನು ಮಾರುವವರು, ಆಶಾ ಕಾರ್ಯಕರ್ತೆಯರು, ಆಟೋದವರು ಮೈಕಿನ ಮುಂದೆ ಬಂದು ಕೂರುತ್ತಾರೆ. ನಿಮ್ಮ ಮಗು ಅವರಿಂದ ಕಲಿಯೋದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ಒಂದು ಸಣ್ಣ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು, ಅದಕ್ಕೆ 'ಆಕಾಶವಾಣಿ' ಎಂಬ ಹೆಸರು ಬಂತು. ಕಾಲೇಜು ಮೇಷ್ಟ್ರು ಮನೆಯಿಂದಲೇ ಅಷ್ಟು ಮಾಡಿದ ನಾಡು ಇದು. ಅದನ್ನು ನೆನೆದರೆ ಇವತ್ತಿಗೂ ನನಗೆ ಮೈ ಜುಮ್ಮೆನ್ನುತ್ತದೆ.

ವಿಶ್ವವಿದ್ಯಾಲಯದ ಹೆಸರು ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಪಟ್ಟಿಯಲ್ಲಿ ಇದೆಯಾ ನೋಡಿ, ಅದು ಐದು ನಿಮಿಷದ ಕೆಲಸ. ಇಂಗ್ಲಿಷ್ ಹೇಗೋ ಎಂಬ ಭಯ ಬೇಡ. ಕನ್ನಡದಲ್ಲಿ ತಪ್ಪಿಲ್ಲದೆ ಒಂದು ಪುಟ ಬರೆಯುವವರನ್ನು ಕನ್ನಡದ ಪತ್ರಿಕೆಗಳು, ಚಾನೆಲ್‌ಗಳು ಇವತ್ತೂ ಹುಡುಕುತ್ತಿವೆ. ಬೇಸಿಗೆಯ ಈ ರಜೆಯಲ್ಲಿ ಮಗು ದಿನಾ ಒಂದು ಪತ್ರಿಕೆ ಪೂರ್ತಿ ಓದಲಿ.

ಕ್ಯಾಂಪಸ್ ನೋಡಲು ಅವರು ಕರೆದ ದಿನ ಹೋಗಬೇಡಿ. ತರಗತಿ ನಡೆಯುವ ಮಾಮೂಲಿ ಬುಧವಾರವೋ ಗುರುವಾರವೋ ಹೋಗಿ. ಕ್ಯಾಂಟೀನಿನಲ್ಲಿ ಕೂತು ಕೊನೆಯ ವರ್ಷದ ಮಕ್ಕಳ ಹತ್ತಿರ ಮಾತಾಡಿ. ಹೋದ ವಾರ ಏನು ಮಾಡಿದಿರಿ ಎಂದು ಅವರನ್ನೂ ಕೇಳಿ. ಫೋನು ತೆಗೆದು ತಾವಾಗಿಯೇ ತೋರಿಸಿದರೆ ಫಾರಂ ತುಂಬಿ. ನಮಸ್ಕಾರ.